ಫೋನಿಗೆ ಮುಂಚೆ ಗಂಟೆ

ಮನುಷ್ಯನಿಗೆ ಬಾಯಿ ಇರುವುದು ಉಣ್ಣಲಿಕ್ಕೆ. ಅದರಿಂದ ದೊಡ್ಡ ಮಾತಾಡಲು ಹೋದವರು ಯಾರೂ ಉದ್ಧಾರವಾಗಿಲ್ಲ. ಮೇಲಣ್ಣ ಕೆಟ್ಟದ್ದೂ ಹಾಗೆಯೇ, ಒಂದೇ ಒಂದು ಮಾತಿನಿಂದ.

ಅವತ್ತು ಬೆಳಿಗ್ಗೆ ಅಗ್ನಿಶಾಮಕ ಠಾಣೆಗೆ ಹೊಸ ಸಾಹೇಬರು ತಪಾಸಣೆಗೆ ಬಂದರು. ಕೆಲಸವಿಲ್ಲದ ಹುದ್ದೆಗಳನ್ನು ಹುಡುಕಿ ಹುಡುಕಿ ತೆಗೆಯುವವರು ಎಂದು ಅವರಿಗೆ ಮೊದಲೇ ಹೆಸರಿತ್ತು. ಅಂಗಳದ ನಡುವೆ ನಿಂತು, ಟೋಪಿ ಬೀಳದ ಹಾಗೆ ಕೈಯಲ್ಲಿ ಹಿಡಿದುಕೊಂಡು, ಹಳೆಯ ಕಾವಲು ಗೋಪುರವನ್ನು ಬುಡದಿಂದ ತುದಿಯವರೆಗೂ ನೋಡಿದರು. ಆಮೇಲೆ ಅದರ ಬುಡದಲ್ಲಿ ಕೈಕಟ್ಟಿ ನಿಂತಿದ್ದ ಮೇಲಣ್ಣನನ್ನು ಕೇಳಿದರು.

“ಏನಪ್ಪಾ, ಈ ವಯಸ್ಸಲ್ಲಿ ದಿನಾ ಇದನ್ನ ಹತ್ತಿ ಇಳಿಯೋದು ಕಷ್ಟ ಆಗಲ್ವಾ?”

ಬೇಡದೆಯೇ ವರ ಮನೆ ಬಾಗಿಲಿಗೆ ಬಂದು ನಿಂತಿತ್ತು. ‘ಆಗತ್ತೆ ಸಾರ್, ಮಂಡಿ ಎರಡೂ ಸವೆದು ಹೋಗಿವೆ’ ಎಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು, ನಾನೂ ನೀವೂ ನಮ್ಮ ನಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಆದರೆ ಕಾಂಪೌಂಡಿನ ಆಚೆ ಟೈಲರ್ ಕತ್ತರಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ಇಸ್ತ್ರಿ ಅಕ್ಕ ನಿಂತಿದ್ದಳು. ಫೋನ್ ರೂಮಿನ ಕಿಟಕಿಯಲ್ಲಿ ಫೋನಿನವನ ಮುಖ ಇಣುಕುತ್ತಿತ್ತು. ಇಷ್ಟು ಜನರನ್ನು ಕಂಡ ಕೂಡಲೇ ಮೇಲಣ್ಣನ ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು.

“ಕಷ್ಟ ಏನು ಬಂತು ಸಾರ್? ಈ ಗೋಪುರ ನನಗೆ ಹೆತ್ತ ತಾಯಿ ಇದ್ದ ಹಾಗೆ. ತಾಯಿ ಮಡಿಲು ಹತ್ತೋಕೆ ಮಗನಿಗೆ ಕಷ್ಟವೇ?”

ಟೈಲರ್ ಆಚೆಯಿಂದ ತಲೆದೂಗಿದ. ಇಸ್ತ್ರಿ ಅಕ್ಕನ ಕಣ್ಣು ಒದ್ದೆಯಾಯಿತು. ಮೇಲಣ್ಣನ ಬಲಗಾಲಿನ ಮಂಡಿ ಮಾತ್ರ ಒಳಗಿನಿಂದಲೇ ಅವನಿಗೆ ಶಾಪ ಹಾಕಿತು.

ಆ ಗೋಪುರಕ್ಕೆ ದೊಡ್ಡ ಚರಿತ್ರೆಯೇ ಇತ್ತು. ಎಷ್ಟೋ ತಲೆಮಾರುಗಳ ಹಿಂದೆ ಊರಿಗೆ ಬೆಂಕಿ ಬಿದ್ದಿತ್ತಂತೆ. ಬೆಂಕಿ ಬಿದ್ದ ಮನೆಯವರು ಓಡೋಡಿ ಬಂದು ಠಾಣೆಗೆ ಹೇಳುವಷ್ಟರಲ್ಲಿ ಅರ್ಧ ಪೇಟೆ ಬೂದಿಯಾಗಿತ್ತು. ಆಮೇಲೆ ನಗರಸಭೆಯವರು ಬುದ್ಧಿ ಕಲಿತು ಈ ಗೋಪುರ ಕಟ್ಟಿಸಿದರು, ತುದಿಯಲ್ಲಿ ಕಂಚಿನ ಗಂಟೆ ತೂಗುಹಾಕಿದರು, ಹಗಲೊಬ್ಬ ರಾತ್ರಿಯೊಬ್ಬ ಮೇಲೆ ಕೂತು ಹೊಗೆ ಹುಡುಕಬೇಕು ಎಂದು ಕಟ್ಟಳೆ ಮಾಡಿದರು. ಪೇಟೆ ಕಡೆ ಬೆಂಕಿಯಾದರೆ ಒಂದು ಪೆಟ್ಟು, ಹೊಳೆ ಕಡೆಯಾದರೆ ಎರಡು, ಗಿರಣಿ ಕಡೆಯಾದರೆ ಮೂರು. ಆಗ ಇಂಜಿನ್ನು ಎಳೆಯುತ್ತಿದ್ದದ್ದು ಕುದುರೆಗಳು. ಗಂಟೆ ಕೇಳಿದರೆ ಸಾಕು, ಅವು ಲಾಯದಿಂದ ತಾವೇ ಬಂದು ಗಾಡಿಯ ಮುಂದೆ ನಿಂತುಕೊಳ್ಳುತ್ತಿದ್ದವಂತೆ. ಈಗಿನ ಡ್ರೈವರನನ್ನು ಟೀ ಅಂಗಡಿಯಿಂದ ಕೂಗಿ ಕರೆಯಬೇಕು.

ಕುದುರೆ ಹೋಗಿ ಮೋಟಾರು ಬಂತು, ಫೋನು ಬಂತು, ಕೊನೆಗೆ ಪ್ರತಿಯೊಬ್ಬರ ಜೇಬಿಗೂ ಒಂದೊಂದು ಫೋನು ಬಂತು. ರಾತ್ರಿ ಕಾವಲಿನವನ ಹುದ್ದೆಯನ್ನು ಯಾರೋ ಪುಣ್ಯಾತ್ಮರು ತೆಗೆದುಹಾಕಿದರು. ಹಗಲಿನವನದನ್ನು ತೆಗೆಯಲು ಮರೆತರು. ಆ ಮರೆವಿನಲ್ಲಿ ಮೇಲಣ್ಣ ಕೆಲಸಕ್ಕೆ ಸೇರಿದ. ಸೇರಿದ ದಿನದಿಂದ ಇವತ್ತಿನವರೆಗೆ ಅವನ ಗಂಟೆ ಫೋನಿಗಿಂತ ಮುಂಚೆ ಒಂದು ಸಲವೂ ಆಗಿರಲಿಲ್ಲ. ಹೊಗೆ ಕಂಡು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಕೆಳಗೆ ಫೋನು ಬಡಿದುಕೊಳ್ಳುತ್ತಿತ್ತು, ಇಂಜಿನ್ನು ಗೇಟು ದಾಟುತ್ತಿತ್ತು. ಇವನು ಸುಮ್ಮನೆ ಹಗ್ಗ ಬಿಟ್ಟು ಕೂರುತ್ತಿದ್ದ.

ಹಾಗೆಂದು ಅವನಿಂದ ಉಪಯೋಗವೇ ಇರಲಿಲ್ಲ ಅನ್ನುವ ಹಾಗಿಲ್ಲ. ಬೀದಿಯವರಿಗೆಲ್ಲ ಅವನು ಬೇಕಾದವನು. ಬಸ್ಸು ತಿರುವು ದಾಟಿತೇ, ನೀರಿನ ಲಾರಿ ಎಲ್ಲಿದೆ, ಇಸ್ತ್ರಿ ಅಕ್ಕನ ಆಡು ಯಾರ ಹಿತ್ತಿಲಿಗೆ ನುಗ್ಗಿದೆ, ಎಲ್ಲ ವರ್ತಮಾನವೂ ಮೇಲಿನಿಂದ ಬರುತ್ತಿತ್ತು. ಅದಕ್ಕೇ ಅವನಿಗೆ ಮೇಲಣ್ಣ ಎಂಬ ಹೆಸರು. ನಿಜವಾದ ಹೆಸರು ಅವನಿಗೇ ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು.

ಮಂಡಿಯ ವಿಷಯವನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗಂತೂ ಇಲ್ಲವೇ ಇಲ್ಲ. ಅದಕ್ಕೊಂದು ಕಾರಣವಿತ್ತು. ಹುಡುಗಿಯಾಗಿದ್ದಾಗ ಅವಳು ಈ ಬೀದಿಯಲ್ಲಿ ಹೋಗುವಾಗೆಲ್ಲ ಕತ್ತೆತ್ತಿ ನೋಡುತ್ತಿದ್ದಳು. ಆಕಾಶಕ್ಕೆ ತಾಗಿ ನಿಂತ ಒಬ್ಬ ಹುಡುಗ ಕೆಂಪು ಬಾವುಟ ಬೀಸುತ್ತಿದ್ದ. ದೊಡ್ಡ ಸಂಬಳದ ಗಂಡೊಂದನ್ನು ಬಿಟ್ಟು ಅವಳು ಇವನನ್ನು ಒಪ್ಪಿದ್ದು ಆ ಎತ್ತರ ನೋಡಿಯೇ. ಈಗ ಹೋಗಿ ‘ನೋಡೇ, ನನಗೆ ಹತ್ತಲಿಕ್ಕೆ ಆಗ್ತಿಲ್ಲ’ ಎಂದು ಹೇಗೆ ಹೇಳುವುದು? ದಿನಾ ಮೇಲೆ ಹೋಗಿ ಕೂತು ಗುಟ್ಟಾಗಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಸಂಜೆ ಕೆಳಗೆ ಬಂದು ಗೋಪುರವನ್ನು ಹೊಗಳುತ್ತಿದ್ದ. ನೋವು ಹೆಚ್ಚಾದಷ್ಟೂ ಹೊಗಳಿಕೆ ಹೆಚ್ಚಾಗುತ್ತಿತ್ತು.

ಸಾಹೇಬರು ಮಾತ್ರ ತಾಯಿ ಮಗನ ಮಾತಿಗೆ ಕರಗುವವರಲ್ಲ. ಕಡ್ಡಿ ಮುರಿದ ಹಾಗೆ ಹೇಳಿದರು.

“ನೋಡಪ್ಪಾ, ಇವತ್ತು ಸಂಜೆವರೆಗೂ ನಾನು ಇಲ್ಲೇ ಅಂಗಳದಲ್ಲಿ ಕೂತಿರ್ತೀನಿ. ಒಂದೇ ಒಂದು ಸಲ ಫೋನಿಗೆ ಮುಂಚೆ ನಿನ್ನ ಗಂಟೆ ಆದ್ರೆ ಗೋಪುರ ಉಳಿಯತ್ತೆ. ಇಲ್ಲಾಂದ್ರೆ ನಾಳೆಯಿಂದ ಅದಕ್ಕೆ ಬೀಗ. ನಿನ್ನನ್ನ ಫೋನ್ ರೂಮಲ್ಲಿ ಕೂರಿಸ್ತೀನಿ.”

ಮಾತು ಮುಗಿಯುವ ಮೊದಲೇ ಅಟೆಂಡರ್ ಒಂದು ಕುರ್ಚಿ ತಂದು ಫೋನ್ ರೂಮಿನ ಕಿಟಕಿಯ ಪಕ್ಕ ಹಾಕಿದ. ಕೈ ಇರುವ ಕುರ್ಚಿ. ಹಳೆಯದಾದರೂ ಮೆತ್ತೆ ಇತ್ತು. ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿತ್ತು. ಮಾತಾಡಲು ಪಕ್ಕದಲ್ಲೇ ಫೋನಿನವನಿದ್ದ. ಅಷ್ಟು ವರ್ಷ ಗಾಳಿಯ ಜೊತೆ, ಪಾರಿವಾಳಗಳ ಜೊತೆ ಒಬ್ಬನೇ ಕೂತು ತಣ್ಣನೆಯ ಊಟ ಮಾಡಿದ ಮೇಲಣ್ಣ ಆ ಕುರ್ಚಿಯನ್ನೇ ನೋಡಿದ. ಏನೂ ಮಾಡಬೇಕಾಗಿಲ್ಲ. ಸಂಜೆವರೆಗೆ ಗಂಟೆ ಮುಟ್ಟದಿದ್ದರೆ ಆಯಿತು. ಮಂಡಿಯ ಮಾತು ಎತ್ತಬೇಕಾಗಿಲ್ಲ, ಹೆಂಡತಿಯ ಎದುರು ಮರ್ಯಾದೆ ಹೋಗುವುದಿಲ್ಲ, ತಪ್ಪೆಲ್ಲ ಸರ್ಕಾರದ್ದು. ಅವನ ಕಣ್ಣಲ್ಲಿ ಬಳಬಳ ನೀರು ಸುರಿಯಿತು.

ಅದು ಸಂತೋಷದ ನೀರು ಎಂದು ಹಣೆಯ ಮೇಲೆ ಬರೆದಿರುವುದಿಲ್ಲವಲ್ಲ. ನೋಡಿದವರು ಬೇರೆಯೇ ಅರ್ಥ ಮಾಡಿಕೊಂಡರು. ಟೈಲರ್ ಬಂದು ಹೆಗಲ ಮೇಲೆ ಕೈಯಿಟ್ಟು, ಧೈರ್ಯ ಬಿಡಬೇಡ ಅಣ್ಣಾ, ನಾವೆಲ್ಲ ಇದ್ದೀವಿ ಎಂದ. ಇಸ್ತ್ರಿ ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು.

ಮೇಲಣ್ಣ ಹತ್ತತೊಡಗಿದ. ಇದೇ ಕೊನೆಯ ಸಲ ಎಂದುಕೊಂಡರೆ ಮೆಟ್ಟಿಲುಗಳ ಮೇಲೂ ಪ್ರೀತಿ ಬರುತ್ತದೆ. ಮಂಡಿ ಕಟಕ್ ಎಂದಾಗೆಲ್ಲ, ‘ಇನ್ನೊಂದು ಸ್ವಲ್ಪ ಮಾರಾಯಾ, ನಾಳೆಯಿಂದ ನಿನಗೆ ರಜಾ’ ಎಂದು ಅದನ್ನು ಸಮಾಧಾನ ಮಾಡುತ್ತಾ ಹೋದ.

ಮೇಲೆ ತಲುಪಿ ಸುತ್ತ ನೋಡಿದ. ಬೇಕರಿಯ ಚಿಮಣಿಯಲ್ಲಿ ದಿನದ ಹೊಗೆ. ಉಳಿದ ಕಡೆ ಏನೂ ಇಲ್ಲ. ಬಿಸಿಲೇರುವ ಹೊತ್ತಿಗೆ ಪೇಟೆ ಕಡೆ ಒಂದು ಕಪ್ಪು ಹೊಗೆ ಎದ್ದಿತು. ಯಾವುದೋ ಸ್ಕೂಟರು ಹೊತ್ತಿಕೊಂಡಿತ್ತು. ಮೇಲಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಉಸಿರು ಬಿಗಿಹಿಡಿದ. ಅಷ್ಟರಲ್ಲಿ ಕೆಳಗೆ ಫೋನು ಹೊಡೆದುಕೊಂಡಿತು. ಇಂಜಿನ್ನು ಹೋಯಿತು. ಸಾಹೇಬರು ಮೇಲೆ ನೋಡಿ ತಲೆಯಾಡಿಸಿದರು. ಮೇಲಣ್ಣನೂ ಬಹಳ ದುಃಖದಿಂದ ತಲೆಯಾಡಿಸಿದ. ಒಳಗೊಳಗೇ ಅವನಿಗೆ ಕುಣಿಯುವಷ್ಟು ಖುಷಿ. ಮಂಡಿ ಸರಿಯಿದ್ದಿದ್ದರೆ ಕುಣಿದೇಬಿಡುತ್ತಿದ್ದ.

ಕಾಂಪೌಂಡಿನ ಹತ್ತಿರ ಆಮೇಲೆ ಏನೋ ಗುಸುಗುಸು ಶುರುವಾಯಿತು. ಟೈಲರ್ ಅಂಗಡಿ ಬಿಟ್ಟು ಬಂದ. ಇಸ್ತ್ರಿ ಅಕ್ಕ ಬಂದಳು. ಫೋನಿನವನು ಸಾಹೇಬರ ಕಣ್ಣು ತಪ್ಪಿಸಿ ಹೋಗಿ ಏನೋ ಹೇಳಿ ಬಂದ. ಊಟದ ಡಬ್ಬಿ ತಂದ ಹೆಂಡತಿಯೂ ಅವರ ಜೊತೆ ತಲೆಗೆ ತಲೆ ಕೊಟ್ಟು ನಿಂತಳು. ಮೇಲಿನಿಂದ ಇದೆಲ್ಲ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಬೀಳ್ಕೊಡುಗೆಗೆ ಏನೋ ಏರ್ಪಾಡು ಮಾಡುತ್ತಿದ್ದಾರೆ ಎಂದು ಮೇಲಣ್ಣ ಅಂದುಕೊಂಡ. ಪಾಪ, ಒಳ್ಳೆಯ ಜನ ಎಂದು ಅವನಿಗೆ ಎದೆ ತುಂಬಿ ಬಂತು.

ಎಲ್ಲರೂ ಸ್ವಲ್ಪ ಹೊತ್ತು ಎತ್ತಲೋ ಹೋಗಿ ಬಂದ ಮೇಲೆ, ಹೆಂಡತಿ ಡಬ್ಬಿಯನ್ನು ಗೋಪುರದಿಂದ ಇಳಿಬಿಟ್ಟಿದ್ದ ಬುಟ್ಟಿಯಲ್ಲಿಟ್ಟು ಹಗ್ಗ ಜಗ್ಗಿದಳು. ಇವನು ಮೇಲಿನಿಂದ ಎಳೆದುಕೊಂಡ. ಅವಳು ಎರಡೂ ಕೈ ಬಾಯಿಗೆ ಹಿಡಿದು ಕೂಗಿ ಹೇಳಿದ್ದು ಇಷ್ಟೇ: “ಊಟ ಆಮೇಲೆ ಮಾಡ್ರೀ. ಗಿರಣಿ ಕಡೆ ಸ್ವಲ್ಪ ಕಣ್ಣಿಟ್ಟಿರಿ.”

ಗಿರಣಿ ಕಡೆ ಯಾಕೆ ಎಂದು ಅವನು ಯೋಚಿಸಲಿಲ್ಲ. ಹೆಂಡತಿ ಹೇಳಿದ್ದಕ್ಕೆಲ್ಲ ಕಾರಣ ಕೇಳುವ ಚಟ ಅವನಿಗೆ ಎಂದೋ ಬಿಟ್ಟುಹೋಗಿತ್ತು. ಡಬ್ಬಿಯ ಮುಚ್ಚಳ ತೆಗೆದು ಮೊದಲ ತುತ್ತು ಬಾಯಿಗಿಡುವಾಗ ಕಣ್ಣು ತಾನಾಗಿಯೇ ಆ ಕಡೆ ಹೋಯಿತು. ತುತ್ತು ಡಬ್ಬಿಗೇ ವಾಪಸ್ಸು ಬಿತ್ತು.

ಗಿರಣಿಯ ಹಿಂದಿನ ಓಣಿಯಲ್ಲಿ ದಟ್ಟವಾದ ಬಿಳಿ ಹೊಗೆ ಏಳುತ್ತಿತ್ತು. ಏಳುತ್ತಿದ್ದದ್ದು ಇಸ್ತ್ರಿ ಅಕ್ಕನ ಮನೆಯ ಹಿತ್ತಿಲಿನಿಂದ. ಆ ಮನೆಯಲ್ಲಿ ಹಗಲು ಹೊತ್ತು ಇರುವುದು ಒಬ್ಬಳೇ ಅಜ್ಜಿ, ಇಸ್ತ್ರಿ ಅಕ್ಕನ ಅತ್ತೆ. ಸೊಂಟ ಬಿದ್ದವಳು. ಎಬ್ಬಿಸಿದರೆ ಏಳುತ್ತಾಳೆ, ಕೂರಿಸಿದರೆ ಕೂರುತ್ತಾಳೆ.

ಮೇಲಣ್ಣನ ಕೈ ಗಂಟೆಯ ಹಗ್ಗಕ್ಕೆ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಕೆಳಗೆ ಕಿಟಕಿಯಲ್ಲಿ ಕುರ್ಚಿ ಕಾಣುತ್ತಿತ್ತು. ಈಗ ಫೋನು ಬರುತ್ತದೆ ಎಂದುಕೊಂಡ. ಇಷ್ಟು ವರ್ಷ ಬಂದದ್ದು ಇವತ್ತು ಬರದೆ ಎಲ್ಲಿಗೆ ಹೋದೀತು? ಒಂದು ಸ್ಕೂಟರಿಗೆ ಫೋನು ಮಾಡಿದ ಊರು ಒಂದು ಮುದುಕಿಗೆ ಮಾಡುವುದಿಲ್ಲವೇ? ಕಿವಿಯನ್ನೆಲ್ಲ ಕೆಳಗಿಟ್ಟು ಕಾದ.

ಫೋನು ಬರಲಿಲ್ಲ. ಹೊಗೆ ಮಾತ್ರ ಇನ್ನಷ್ಟು ದಪ್ಪವಾಯಿತು.

ಬಗ್ಗಿ ಬೀದಿ ನೋಡಿದ. ಇಸ್ತ್ರಿ ಅಕ್ಕ ಅಲ್ಲೇ ಗೋಪುರದ ಎದುರು ಟೈಲರನ ಜೊತೆ ನಿಂತಿದ್ದಳು. ಅವಳ ಬೆನ್ನ ಹಿಂದೆ ಅವಳದೇ ಮನೆ ಹೊಗೆಯಾಡುತ್ತಿತ್ತು, ಅವಳು ಇವನನ್ನೇ ನೋಡುತ್ತಾ ನಗುತ್ತಿದ್ದಳು. ಮೇಲಣ್ಣ ಹಿಂದೆ ನೋಡು ಎಂದು ಕೈಸನ್ನೆ ಮಾಡಿದ. ಅವಳೂ ಕೈ ಬೀಸಿದಳು. ಕಿವಿಯ ಹತ್ತಿರ ಕೈಯಿಟ್ಟು ಫೋನು ಮಾಡಿ ಎಂದು ತೋರಿಸಿದ. ಟೈಲರ್ ತಾನೂ ಕಿವಿಗೆ ಕೈಯಿಟ್ಟು, ಕೇಳಿಸುತ್ತಿಲ್ಲ ಎಂದು ತಲೆಯಾಡಿಸಿದ. ಓಣಿಯ ಬಾಯಿಯಲ್ಲಿ ಇನ್ನೂ ಕೆಲವರು ನಿಂತು ಹೊಗೆಯನ್ನೊಮ್ಮೆ, ಗೋಪುರವನ್ನೊಮ್ಮೆ ನೋಡುತ್ತಿದ್ದರು. ಎಲ್ಲರ ಕೈಯಲ್ಲೂ ಮೊಬೈಲು ಇತ್ತು, ಒಬ್ಬರ ಕಿವಿಯಲ್ಲೂ ಇರಲಿಲ್ಲ. ಊರಿಗೆ ಊರೇ ಕಲ್ಲಾಗಿ ಹೋಯಿತಲ್ಲಪ್ಪಾ ಎಂದು ಮೇಲಣ್ಣನಿಗೆ ಅಳು ಬಂತು.

ಆಗ ಅವನಿಗೆ ತನ್ನ ಜೇಬಿನಲ್ಲೂ ಒಂದು ಮೊಬೈಲು ಇರುವುದು ನೆನಪಾಯಿತು. ಕೆಳಗೆ ಕೂತು, ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು, ತಾನು ಕೂತಿದ್ದ ಠಾಣೆಗೇ ಫೋನು ಮಾಡಿದ. ಗಂಟಲನ್ನು ದಪ್ಪ ಮಾಡಿಕೊಂಡು, ಗಿರಣಿ ಹಿಂದಿನ ಓಣಿಯಲ್ಲಿ ಬೆಂಕಿ ಬಿದ್ದಿದೆ, ಬೇಗ ಬನ್ನಿ ಎಂದ.

ಆ ಕಡೆಯಿಂದ ಫೋನಿನವನು ಗಟ್ಟಿಯಾಗಿ, ಅಂಗಳದಲ್ಲಿದ್ದ ಸಾಹೇಬರಿಗೂ ಕೇಳಿಸುವ ಹಾಗೆ, “ರಾಂಗ್ ನಂಬರ್, ಇಡ್ರೀ” ಎಂದ. ಇಟ್ಟೂಬಿಟ್ಟ.

ಇನ್ನೊಮ್ಮೆ ಮಾಡಿದ. ಈ ಸಲ, ಇದು ಬಟ್ಟೆ ಅಂಗಡಿ, ಇವತ್ತು ರಜಾ ಎಂಬ ಉತ್ತರ ಬಂತು.

ಮೇಲಣ್ಣ ಮೊಬೈಲನ್ನು ದಿಟ್ಟಿಸಿ ನೋಡಿದ. ತನಗೆ ತಲೆ ಕೆಟ್ಟಿದೆಯೋ ಊರಿಗೆ ಕೆಟ್ಟಿದೆಯೋ ತಿಳಿಯಲಿಲ್ಲ. ಕೆಳಗಿಳಿದು ಹೋಗಿ ಹೇಳೋಣವೆಂದರೆ, ಈ ಮಂಡಿಗಳು ಅವನನ್ನು ನೆಲ ಮುಟ್ಟಿಸುವಷ್ಟರಲ್ಲಿ ಅಜ್ಜಿ ಬೂದಿಯಾಗಿರುತ್ತಾಳೆ. ಆ ಅಜ್ಜಿ ಹಿಂದೊಮ್ಮೆ ಅವನ ಹೆಂಡತಿಯ ಬಾಣಂತನ ಮಾಡಿದವಳು. ಅವನ ಮಗಳನ್ನು ಮೊದಲು ಎತ್ತಿಕೊಂಡ ಕೈ ಅವಳದು. ಒಂದು ಕಣ್ಣಿಗೆ ಕುರ್ಚಿ ಕಾಣುತ್ತಿತ್ತು, ಇನ್ನೊಂದಕ್ಕೆ ಹೊಗೆ. ದೇವರೇ, ಒಂದು ದಿನ, ಒಂದೇ ಒಂದು ದಿನ ನನ್ನ ಪಾಲಿಗೆ ಊರು ತಣ್ಣಗಿರಬಾರದಿತ್ತೇ ಎಂದು ಗಟ್ಟಿಯಾಗಿಯೇ ಅತ್ತ. ಪಾರಿವಾಳಗಳು ಹಾರಿಹೋದವು.

ಆಮೇಲೆ ಕುರ್ಚಿಯ ಕಡೆಗೆ ಬೆನ್ನು ಮಾಡಿ ಹಗ್ಗ ಹಿಡಿದು ಎಳೆದ.

ಗಿರಣಿ ಕಡೆಗೆ ಮೂರು ಪೆಟ್ಟು. ಮೊದಲನೆಯದಕ್ಕೆ ಫ್ಯಾನು ಹೋಯಿತು. ಎರಡನೆಯದಕ್ಕೆ ಮೆತ್ತೆ ಹೋಯಿತು. ಮೂರನೆಯದಕ್ಕೆ ಕುರ್ಚಿಯೇ ಹೋಯಿತು. ಊರಿನವರು ಎಷ್ಟೋ ವರ್ಷಗಳ ಮೇಲೆ ಆ ಗಂಟೆಯ ದನಿ ಕೇಳಿ ಮನೆಯಿಂದ ಹೊರಗೆ ಬಂದರು. ಡ್ರೈವರ್ ಕೂಡ ಯಾರೂ ಕರೆಯದೆ ಟೀ ಲೋಟ ಬಿಟ್ಟು, ಹಳೆಯ ಕಾಲದ ಕುದುರೆಯ ಹಾಗೆ ಓಡಿ ಬಂದ. ಸಾಹೇಬರು ತಾವೇ ಇಂಜಿನ್ನು ಹತ್ತಿ ಹೋದರು.

ಮೇಲಣ್ಣ ಊಟ ಬಿಟ್ಟು ಎದ್ದ. ಅಜ್ಜಿ ಬದುಕಿದ್ದಾಳೋ ಇಲ್ಲವೋ ನೋಡದೆ ಅವನಿಗೆ ಸಮಾಧಾನವಿರಲಿಲ್ಲ. ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದು, ಹಲ್ಲು ಕಚ್ಚಿ ಇಳಿದ. ಅವನು ನೆಲ ಮುಟ್ಟುವುದಕ್ಕೂ ಇಂಜಿನ್ನು ವಾಪಸ್ಸು ಬರುವುದಕ್ಕೂ ಸರಿಹೋಯಿತು.

ಬೀದಿಯವರೆಲ್ಲ ಅಂಗಳದಲ್ಲಿ ಸೇರಿದ್ದರು. ಇಂಜಿನ್ನಿನ ಜನ ಅಜ್ಜಿಯನ್ನು ಎತ್ತಿಕೊಂಡು ಬಂದು, ಹೊಗೆ ಕುಡಿದಿದ್ದಾಳೆ, ಸ್ವಲ್ಪ ಗಾಳಿಯಾಡಲಿ ಎಂದು ಫೋನ್ ರೂಮಿಗೆ ಒಯ್ದು ಆ ಕುರ್ಚಿಯಲ್ಲಿ ಕೂರಿಸಿದರು. ಅಜ್ಜಿ ಮೆತ್ತೆಗೆ ಒರಗಿ, ಫ್ಯಾನಿನ ಕೆಳಗೆ ಕಾಲು ಚಾಚಿಕೊಂಡಳು. ಮೇಲಣ್ಣನಿಗೆ ಜೀವ ಬಂದ ಹಾಗಾಯಿತು. ಹೋದರೆ ಹೋಗಲಿ ಕುರ್ಚಿ, ಒಂದು ಜೀವ ಉಳಿಯಿತಲ್ಲ ಎಂದುಕೊಂಡ. ಅಷ್ಟು ಹೊತ್ತು ಅವನು ನಿಜವಾಗಿಯೂ ದೊಡ್ಡ ಮನುಷ್ಯನಾಗಿದ್ದ.

ಸಾಹೇಬರು ಬಂದು ಅವನ ಕೈ ಹಿಡಿದು ಕುಲುಕಿದರು. ಒಂದು ಫೋನೂ ಬರಲಿಲ್ಲ, ನಿನ್ನ ಗಂಟೆಯೊಂದೇ ಕೆಲಸ ಮಾಡಿತು, ಇನ್ನು ಸ್ವಲ್ಪ ತಡವಾಗಿದ್ದರೆ ಹಿತ್ತಿಲ ಕಸಕ್ಕೆ ಬಿದ್ದ ಬೆಂಕಿ ಮನೆಗೇ ಹತ್ತುತ್ತಿತ್ತು ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದರು. ಗೋಪುರವನ್ನು ಮುಚ್ಚುವ ಮಾತೇ ಇಲ್ಲ. ಸುತ್ತ ಎತ್ತರದ ಕಟ್ಟಡಗಳು ಬರುತ್ತಿರುವುದರಿಂದ ಅದರ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸಲು ಮೇಲಿನವರಿಗೆ ಬರೆಯುತ್ತೇನೆ ಎಂದರು.

“ನೀನು ರಿಟೈರ್ ಆಗೋವರೆಗೂ ನಿನ್ನನ್ನ ಯಾರೂ ಕೆಳಗಿಳಿಸೋ ಹಾಗಿಲ್ಲ” ಎಂದು ಬೆನ್ನು ತಟ್ಟಿದರು. “ತಾಯಿ ಮಗನ್ನ ಬೇರೆ ಮಾಡಿದ ಪಾಪ ನನಗ್ಯಾಕೆ?”

ಜನ ಚಪ್ಪಾಳೆ ಹೊಡೆದರು. ಸಾಹೇಬರು ಜೀಪು ಹತ್ತಿ ಹೋದರು. ಜೀಪು ಗೇಟು ದಾಟುವುದನ್ನೇ ಕಾಯುತ್ತಿದ್ದ ಟೈಲರ್ ಮೇಲಣ್ಣನನ್ನು ಮೂಲೆಗೆ ಎಳೆದುಕೊಂಡು ಹೋದ. ಅವನ ಮುಖ ಊರಗಲವಾಗಿತ್ತು.

“ಹೇಗಿತ್ತು ಅಣ್ಣಾ ನಮ್ಮ ಹೊಗೆ?”

ಮೇಲಣ್ಣನಿಗೆ ಅರ್ಥವಾಗಲಿಲ್ಲ. ಆಮೇಲೆ ಒಬ್ಬರ ಬಾಯಿಂದ ಒಬ್ಬರು ಮಾತು ಕಿತ್ತುಕೊಂಡು ಹೇಳಿದರು. ಬೆಳಿಗ್ಗೆ ನೀನು ಅತ್ತದ್ದು ನೋಡಿ ನಮ್ಮ ಕರುಳು ಕಿತ್ತು ಬಂತು. ಹಿತ್ತಿಲಿನಲ್ಲಿ ಒಂದು ಡ್ರಮ್ಮು ಇಟ್ಟು ಹಳೆಯ ಹಾಸಿಗೆಯ ಹತ್ತಿ ಒದ್ದೆ ಮಾಡಿ ಹಾಕಿದೆವು. ಅಜ್ಜಿಯನ್ನೇ ಪಕ್ಕದಲ್ಲಿ ಕೂರಿಸಿ ಕೈಗೆ ಬೀಸಣಿಗೆ ಕೊಟ್ಟೆವು, ಸಾಕು ಸಾಕು ಅಂದರೂ ಬಿಡದೆ ಬೀಸಿದಳು ಪುಣ್ಯಾತ್ಗಿತ್ತಿ. ನಿನ್ನ ಗಂಟೆ ಆಗುವವರೆಗೆ ಯಾರೂ ಫೋನು ಮಾಡಬಾರದು ಎಂದು ಓಣಿಯ ಪ್ರತಿ ಮನೆಗೂ ಹೋಗಿ ಹೇಳಿ ಬಂದೆವು. ಫೋನಿನವನು ಎದೆಯುಬ್ಬಿಸಿ, ಯಾವನೋ ಅಧಿಕಪ್ರಸಂಗಿ ಎರಡು ಸಲ ಫೋನು ಮಾಡಿದ್ದ, ಎರಡು ಸಲವೂ ಓಡಿಸಿದೆ ಎಂದ. ಕುರ್ಚಿಯಿಂದ ಅಜ್ಜಿ ಕೆಮ್ಮುತ್ತಾ, ನಿನ್ನ ಕಣ್ಣಿಗೇನಾಗಿತ್ತೋ, ಎಷ್ಟು ಹೊತ್ತು ಬೀಸಬೇಕಿತ್ತು, ರಟ್ಟೆ ಬಿದ್ದುಹೋಯಿತು ಎಂದು ಗದರಿದಳು.

ಮೇಲಣ್ಣ ಬಾಯಿ ತೆರೆದ. ಏನೆಂದು ಹೇಳುವುದು? ನಿಜ ಹೇಳಿದರೆ ಸುಳ್ಳು ಬೆಂಕಿ ಹಚ್ಚಿದ್ದಕ್ಕೆ ಇಡೀ ಓಣಿಗೆ ಕೇಸು, ಫೋನಿನವನ ಕೆಲಸಕ್ಕೆ ಕುತ್ತು. ತೆರೆದ ಬಾಯಿ ಹಾಗೇ ಮುಚ್ಚಿತು. ಆ ದಿನ ಅದನ್ನು ಮುಚ್ಚಬೇಕಾಗಿದ್ದ ಹೊತ್ತು ಬೆಳಿಗ್ಗೆಯೇ ಕಳೆದುಹೋಗಿತ್ತು.

ಹೆಂಡತಿ ಹತ್ತಿರ ಬಂದಳು. ಹೊಗೆಗೆ ಅವಳ ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಬಾವುಟ ನೋಡುತ್ತಿದ್ದ ಹುಡುಗಿಯ ಹಾಗೇ ಇತ್ತು.

“ಹಾಸಿಗೆ ನಮ್ಮದೇ ಕೊಟ್ಟೆ ಕಣ್ರೀ” ಎಂದಳು ಮೆಲ್ಲಗೆ. “ನಿಮ್ಮನ್ನ ಆ ಕುರ್ಚೀಲಿ ಕೂತಿರೋದು ನೋಡಿದ್ರೆ ನನ್ನ ಜೀವ ತಡೀತಿರಲಿಲ್ಲ.”

ಮೇಲಣ್ಣ ಅವಳನ್ನೇ ನೋಡಿದ. ಮಂಡಿಗೆ ಸ್ವಲ್ಪ ಹಿತವಾಗಿದ್ದದ್ದು ಮನೆಯಲ್ಲಿ ಆ ಹಾಸಿಗೆಯೊಂದೇ. ಅದೂ ಹೋಗಿತ್ತು.

“ಒಳ್ಳೇದು ಮಾಡಿದೆ” ಎಂದ. ಇನ್ನೇನು ತಾನೇ ಹೇಳುತ್ತಾನೆ?

ಆ ದಿನದ ಮಟ್ಟಿಗೆ ಸಾಹೇಬರು ರಜಾ ಕೊಟ್ಟಿದ್ದರಿಂದ, ಮನೆಗೆ ಹೋಗೋಣ ಎಂದು ಇಬ್ಬರೂ ಗೇಟಿನವರೆಗೆ ಬಂದರು. ಅಲ್ಲಿ ಅವಳು ನಿಂತು, ಊಟದ ಡಬ್ಬಿ ಎಲ್ಲಿ ಎಂದು ಕೇಳಿದಳು. ಮೇಲಣ್ಣ ಕತ್ತೆತ್ತಿ ನೋಡಿದ. ಅವನು ಮುಚ್ಚಳ ತೆಗೆದು ಇಟ್ಟು ಬಂದ ಡಬ್ಬಿ ಮೇಲೇ ಇತ್ತು. ಬುಟ್ಟಿ ಇಳಿಸಬೇಕಾದರೂ ಮೇಲೊಬ್ಬರು ಇರಬೇಕಲ್ಲ. ನಾಳೆಯ ಊಟಕ್ಕೆ ಅದೇ ಬೇಕು, ಇನ್ನೊಂದಿಲ್ಲ ಎಂದಳು ಹೆಂಡತಿ.

ಮೇಲಣ್ಣ ಹಿಂತಿರುಗಿ ಹೋಗಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಮಂಡಿ ಕಟಕ್ ಎಂದಿತು. ಹಿಂದಿನಿಂದ ಟೈಲರ್ ಇಸ್ತ್ರಿ ಅಕ್ಕನಿಗೆ ಹೇಳುವುದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

“ನೋಡಿದ್ಯಾ ಅಕ್ಕಾ, ಒಂದು ಗಳಿಗೆ ಬಿಟ್ಟಿರಕ್ಕಾಗಲ್ಲ ಅವನಿಗೆ.”